ತುಳುಕದ ಅಂಬಲಿ

ಈ ವರ್ಷದ ಎಳ್ಳ ಅಮಾವಾಸ್ಯೆಗೆ ನಮ್ಮ ಮನೆಯ ಅಂಬಲಿ ತಳಕ್ಕೆ ಕೂಡುವುದಿಲ್ಲ ಎಂದು ಶ್ರೀಪಾದರಾಯರು ಘೋಷಿಸಿದಾಗ ಕೇಳಿಸಿಕೊಳ್ಳಲು ಅಡುಗೆಮನೆಯಲ್ಲಿದ್ದದ್ದು ಎರಡೇ ಜೀವ. ಒಂದು ಅವರ ಹೆಂಡತಿ ಶರ್ವರಿ, ಇನ್ನೊಂದು ಮೂಲೆಯಲ್ಲಿ ಮೂರು ದಿನದಿಂದ ಹುಳಿಯಾಗುತ್ತ ಕುಳಿತಿದ್ದ ಹಿಟ್ಟಿನ ಗಡಿಗೆ. ಎರಡೂ ಕಡೆಯಿಂದ ಉತ್ತರ ಬರಲಿಲ್ಲ. ದೊಡ್ಡ ಮಾತುಗಳಿಗೆ ಮೊದಲು ಸಿಗುವುದು ಮೌನವೇ ಎಂದು ಬಲ್ಲ ರಾಯರು ಬೇಸರ ಮಾಡಿಕೊಳ್ಳದೆ ಇನ್ನೊಮ್ಮೆ ಘೋಷಿಸಿದರು.

ರಾಯರಿಗೆ ಈ ಮಾತಾಡುವ ಅಧಿಕಾರವಿತ್ತು ಅನ್ನಿ. ಬೀದರ್ ಪಕ್ಕದ ಕೊಳಾರದ ಒಂದು ಬಣ್ಣದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಣಮಟ್ಟ ನೋಡುವ ಕೆಲಸ ಅವರದು. ಬಣ್ಣ ಎಂದರೇನು? ನೀರಿನಲ್ಲೋ ಎಣ್ಣೆಯಲ್ಲೋ ತೇಲುತ್ತಿರುವ ಪುಡಿ. ಆ ಪುಡಿ ಡಬ್ಬಿಯ ತಳಕ್ಕಿಳಿದು ಗಟ್ಟಿಯಾಗಿ ಕುಳಿತರೆ ಗಿರಾಕಿ ಡಬ್ಬಿ ತಂದು ಅಂಗಡಿಯವನ ಮುಂದೆ ಕುಕ್ಕುತ್ತಾನೆ, ಅಂಗಡಿಯವನು ಕಾರ್ಖಾನೆಗೆ ಫೋನ್ ಹಚ್ಚುತ್ತಾನೆ, ಆ ಫೋನು ತಿರುಗಿ ಸುತ್ತಿ ಬಂದು ಬಡಿದುಕೊಳ್ಳುವುದು ರಾಯರ ಮೇಜಿನ ಮೇಲೆ. ಹೀಗಾಗಿ ಭೂಮಿಯ ಗುರುತ್ವಾಕರ್ಷಣೆಯ ಮೇಲೆ ಅವರಿಗೆ ಖಾಸಗಿ ದ್ವೇಷ ಬೆಳೆದಿತ್ತು. ಯಾವ ಪುಡಿಯೂ ತಮ್ಮ ಅಪ್ಪಣೆಯಿಲ್ಲದೆ ಕೆಳಗಿಳಿಯಕೂಡದು! ಮನೆಯಲ್ಲಿ ಬೇಳೆ ಕೆಳಗೆ ಕೂತು ಸಾರಿನ ತಿಳಿ ಮೇಲೆ ನಿಂತರೂ ಅವರು ಊಟದ ನಡುವೆ ನಿಟ್ಟುಸಿರು ಬಿಡುತ್ತಿದ್ದರು.

ಅಂಬಲಿಯ ಮೇಲಂತೂ ಅವರಿಗೆ ಹಳೆಯ ಸಿಟ್ಟು. ಅವರ ಬಳಗವೆಲ್ಲ ಎಳ್ಳ ಅಮಾವಾಸ್ಯೆಗೆ ಭಾಲ್ಕಿಯಿಂದ ಔರಾದಿನ ಕಡೆ ಹೋಗುವ ದಾರಿಯಲ್ಲಿರುವ ಹಿರಿಯರ ಹೊಲದಲ್ಲಿ ಸೇರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಪೈರಿನ ಮೇಲೆ ಅಂಬಲಿ ಚೆಲ್ಲುತ್ತ ಹೊಲ ಸುತ್ತಿ, ಆಮೇಲೆ ನಲವತ್ತು ಮಂದಿ ಸಾಲಾಗಿ ಊಟಕ್ಕೆ ಕೂಡುತ್ತಾರೆ. ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪೆಲ್ಲ ಸೇರಿಸಿದ ಭಜ್ಜಿ, ಅದರ ಮೇಲೆ ಲೋಟಗಟ್ಟಲೆ ಅಂಬಲಿ. ಪ್ರತಿವರ್ಷವೂ ರಾಯರ ಲೋಟಕ್ಕೆ ಬೀಳುವುದು ಗಡಿಗೆಯ ಮೇಲಿನ ತಿಳಿ. ಹಿಟ್ಟಿನ ಗುರುತೇ ಇಲ್ಲದ ಆ ನೀರನ್ನು ಅವರು ಗುಟುಕರಿಸುತ್ತಿರುವಾಗ, ಹೊಲವನ್ನು ಪಾಲಿಗೆ ಮಾಡುವ ಶಿವರಾಜಪ್ಪನ ಲೋಟದಲ್ಲಿ ಕೆನೆಯಂಥ ದಪ್ಪ ಅಂಬಲಿ ಹೊರಳಾಡುತ್ತಿರುತ್ತದೆ. ತಳಕ್ಕಿಳಿಯುವ ಪುಡಿಯ ವಿರುದ್ಧ ಹಗಲೆಲ್ಲ ಹೋರಾಡುವ ಮನುಷ್ಯನಿಗೆ ವರ್ಷಕ್ಕೊಮ್ಮೆ ಆ ಪುಡಿ ಹೀಗೆ ಸೇಡು ತೀರಿಸಿಕೊಳ್ಳುತ್ತಿತ್ತು.

ಆದರೆ ಈ ವರ್ಷ ಅಂಬಲಿ ಬರೀ ಅಂಬಲಿಯಾಗಿರಲಿಲ್ಲ. ಭಾಲ್ಕಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವ ರಾಯರ ತಾಯಿ ಕಾವೇರಿಬಾಯಿ ನಲವತ್ತೆರಡು ವರ್ಷ ಒಬ್ಬರೇ ನಿಭಾಯಿಸಿದ ಗಡಿಗೆಯನ್ನು, ಮಣಿಕಟ್ಟಿನ ನೋವು ತಡೆಯಲಾರದೆ, ಈ ಸಲ ಶರ್ವರಿಗೆ ವಹಿಸಿದ್ದರು. ಇದು ಔರಾದಿನ ರುಕ್ಮಿಣಿಬಾಯಿಗೆ ಸೇರಲಿಲ್ಲ. ಆಕೆ ರಾಯರ ಸೋದರತ್ತೆ. ತವರಿನ ಗಡಿಗೆ ತನಗೇ ಬರಬೇಕೆಂದು ಎಂಟು ವರ್ಷದಿಂದ ಕಾದು ಕುಳಿತವಳು. ಶರ್ವರಿ ಬೀದರಿನ ಮೈಲೂರಿನಲ್ಲಿ ಮನೆಯ ಪಕ್ಕದಲ್ಲೇ ಔಷಧಿ ಅಂಗಡಿ ನಡೆಸುತ್ತಾಳಲ್ಲ, ಗುಳಿಗೆ ಎಣಿಸುವ ಕೈಗೆ ಅಂಬಲಿ ಹದ ಎಲ್ಲಿಂದ ಬರಬೇಕು ಎಂದು ಒಂದು ಮದುವೆ ಮನೆಯಲ್ಲಿ ಹನ್ನೊಂದು ಮಂದಿಯ ಎದುರಿಗೆ ಅಂದುಬಿಟ್ಟಳು. ಕಾವೇರಿಬಾಯಿ ಅಲ್ಲೇ ತೀರ್ಪು ಕೊಟ್ಟರು: ಈ ವರ್ಷ ಶರ್ವರಿ ಮಾಡಲಿ, ಕೆಟ್ಟರೆ ಮುಂದಿನ ವರ್ಷದಿಂದ ಗಡಿಗೆ ಔರಾದಿಗೆ.

ಅವತ್ತಿನಿಂದ ಶರ್ವರಿ ನಿದ್ದೆಯಲ್ಲೂ ಹಿಟ್ಟು ಅಳೆಯುತ್ತಿದ್ದಳು. ಒಂದು ತಿಂಗಳು ಚಿಕ್ಕ ಪಾತ್ರೆಗಳಲ್ಲಿ ಅಂಬಲಿ ಮಾಡಿ ಮಾಡಿ ಮನೆಯ ಪರದೆಗಳೂ ಹುಳಿ ವಾಸನೆ ಹಿಡಿದಿದ್ದವು. ಮೊದಲ ಸಲದ್ದು ಅಂಟಾಯಿತು, ಎರಡನೆಯದು ಸಪ್ಪೆಯಾಯಿತು, ಐದನೆಯದನ್ನು ಕುಡಿದ ರಾಯರು ಮರುದಿನ ಕಾರ್ಖಾನೆಗೆ ರಜೆ ಹಾಕಿದರು. ಏಳನೆಯದಕ್ಕೆ ಹದ ಸಿಕ್ಕಿತು. ಎಳ್ಳ ಅಮಾವಾಸ್ಯೆಯ ಗಡಿಗೆಗೆ ಹಿಟ್ಟು ನೆನೆಹಾಕಿದ ದಿನ ಅವಳು ದೇವರಿಗೆ ದೀಪ ಹಚ್ಚಿ, ಗಡಿಗೆಗೂ ಒಂದು ಹಚ್ಚಿದಳು.

ಇಂಥ ಹೆಂಡತಿಯನ್ನು ವಿಜ್ಞಾನದಿಂದ ಉದ್ಧಾರ ಮಾಡಬೇಕೆಂದು ರಾಯರಿಗೆ ಅನ್ನಿಸಿದ್ದರಲ್ಲಿ ಪ್ರೀತಿಯೂ ಇತ್ತು, ಸುಳ್ಳೇಕೆ. ಹಬ್ಬದ ಹಿಂದಿನ ದಿನ ಸಂಜೆ ಅವರು ಮೂರು ಗಾಜಿನ ಲೋಟ ಸಾಲಾಗಿಟ್ಟು, ದೀಪ ಆರಿಸಿ, ಮೊಬೈಲಿನ ಟಾರ್ಚು ಹಚ್ಚಿ ಉಪನ್ಯಾಸ ಆರಂಭಿಸಿದರು. ಮೊದಲನೆಯದು ಸಕ್ಕರೆ ನೀರು, ಬೆಳಕು ಒಳಗೆ ಹೋದದ್ದೂ ಕಾಣದು, ಹೊರಗೆ ಬಂದದ್ದೂ ಕಾಣದು, ಇದು ದ್ರಾವಣ. ಎರಡನೆಯದು ನಾಲ್ಕು ಹನಿ ಹಾಲು ಬೆರೆಸಿದ ನೀರು, ಬೆಳಕಿನ ದಾರಿ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ಕಣಗಳು ತಳಕ್ಕೆ ಕೂಡುವುದಿಲ್ಲ, ಇದು ಕಲಿಲ. ಮೂರನೆಯದು ಅಂಬಲಿ. ರಾಯರು ಮಾತು ಮುಗಿಸುವುದರೊಳಗೇ ಅದರ ಹಿಟ್ಟು ಬೆರಳಗಲ ಕೆಳಗಿಳಿದು ಮೇಲೆ ತಿಳಿ ಬಿಟ್ಟಿತ್ತು.

“ನೋಡು, ಇದು ನಿಲಂಬನ. ಕಣ ದೊಡ್ಡವು, ತಡಿಯಂಗಿಲ್ಲ, ಕೂಡ್ತಾವ,” ಎಂದರು ರಾಯರು, ಕಣಗಳ ತಂದೆತಾಯಿಗೆ ದೂರು ಹೇಳುವವರಂತೆ. “ನಾ ಇದನ್ನ ಸ್ಥಿರ ಮಾಡಿ ಕೊಡ್ತೇನಿ. ಮೊದಲನೇ ಲೋಟಕ್ಕೂ ಕಡೀ ಲೋಟಕ್ಕೂ ಕೂದಲೆಳಿ ಫರಕ ಇರಂಗಿಲ್ಲ.”

“ನಮ್ಮ ಅಂಗಡ್ಯಾಗ ಜ್ವರದ ಔಷಧದ ಬಾಟ್ಲಿ ಮ್ಯಾಲ ಬರ್ದಿರ್ತದ್ರಿ, ಕುಡಿಯೋಕ ಮುಂಚೆ ಛಲೋ ಅಲುಗಾಡಿಸ್ರಿ ಅಂತ,” ಎಂದಳು ಶರ್ವರಿ ದೀಪ ಹಾಕುತ್ತ. “ಅಂಬಲಿಗಿ ಸೌಟು ಅದ. ತಿರುವಿ ಹಾಕಿದ್ರ ಮುಗೀತು. ನೀವು ನನ್ನ ಗಡಿಗಿಗಿ ಕೈ ಹಚ್ಚಬ್ಯಾಡ್ರಿ.”

ಕೈ ಹಚ್ಚುವುದಿಲ್ಲ ಎಂದು ರಾಯರು ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಗಡಿಗೆಗೆ ಅವರು ಕೈ ಹಚ್ಚಲಿಲ್ಲ, ಡ್ರಿಲ್ ಮಷೀನು ಹಚ್ಚಿದರು.

ಅದಕ್ಕೆ ಬೇಕಾದ ಸರಂಜಾಮು ಎರಡು ದಿನ ಮೊದಲೇ ಅವರ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಕಾರ್ಖಾನೆಯ ಪಕ್ಕದ ಶೆಡ್ಡಿನಲ್ಲಿ ಕುಲ್ಫಿ ಮಾಡುವ ಖಾಸಿಂ ಅಲಿ ಅವರ ಚಹಾದ ಗೆಳೆಯ. ಕುಲ್ಫಿಯ ಹಾಲು ಒಡೆಯದಂತೆ, ನೀರು ಬೇರೆಯಾಗದಂತೆ ಅವನು ಚವಳಿಕಾಯಿ, ಅಂದರೆ ಗೋರಿಕಾಯಿ, ಬೀಜದ ಗೋಂದಿನ ಪುಡಿ ಹಾಕುತ್ತಾನೆ. ತಿನ್ನುವ ಮಾಲು, ರುಚಿಯಿಲ್ಲ, ವಾಸನೆಯಿಲ್ಲ, ನೋಡಲು ಮೈದಾಹಿಟ್ಟು. ಅರ್ಧ ಕಿಲೋ ಪಾಕೀಟು ಕೊಡುವಾಗ ಅವನು ಎರಡು ಮಾತು ಹೇಳಿದ್ದ: “ಇಷ್ಟು ದೊಡ್ಡ ಗಡಿಗಿಗಿ ಎರಡ ಚಮ್ಚಾ ಬಸ್ ಸಾಹೇಬ್ರ. ಹಾಕಿದ ಮ್ಯಾಲ ಜರಾ ಸಬರ್ ಮಾಡ್ರಿ, ಇದು ಸಾವಕಾಶ ಉಬ್ಬೋ ಮಾಲು.” ರಾಯರು ಮೊದಲ ಮಾತನ್ನು ತಲೆಯಲ್ಲಿ ಬರೆದುಕೊಂಡರು. ಎರಡನೆಯದು ಕುಲ್ಫಿಯವರ ಅನುಭವವೆಂದೂ ಬಣ್ಣದವರಿಗೆ ಅನ್ವಯಿಸುವುದಿಲ್ಲವೆಂದೂ ತೀರ್ಮಾನಿಸಿದರು.

ಅಮಾವಾಸ್ಯೆಯ ಬೆಳಗಿನ ಐದೂವರೆ. ಹಿಂದಿನ ಸಂಜೆ ಕುದಿಸಿ ಒಗ್ಗರಣೆ ಕೊಟ್ಟು, ಮತ್ತೆ ಮಜ್ಜಿಗೆ ಬೆರೆಸಿದ ಅಂಬಲಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದ ಗಡಿಗೆಯಲ್ಲಿ ತಣ್ಣಗೆ ಕುಳಿತಿತ್ತು. ಶರ್ವರಿ ಸ್ನಾನಕ್ಕೆ ಹೋದಳು. ರಾಯರು ಡ್ರಿಲ್ಲಿಗೆ ಬಣ್ಣ ಕಲಕುವ ಕಡ್ಡಿ ಸಿಕ್ಕಿಸಿದರು. ಹೊಸ ಕಡ್ಡಿ, ಮೂರು ಸಲ ತೊಳೆದದ್ದು, ಅವರ ಸ್ವಚ್ಛತೆಯ ಬಗ್ಗೆ ಯಾರೂ ಮಾತಾಡುವ ಹಾಗಿಲ್ಲ. ಡ್ರಿಲ್ಲು ಗುಂಯ್‌ಗುಟ್ಟಿತು. ಗಡಿಗೆಯ ನಡುವೆ ಸುಳಿ ಎದ್ದಿತು. ಆ ಸುಳಿಯ ಅಂಚಿಗೆ ಗಂಟಾಗದಂತೆ ಎರಡು ಚಮಚ ಪುಡಿ ಉದುರಿಸಿದರು. ನಿಲ್ಲಿಸಿ, ಟಾರ್ಚು ಬಿಟ್ಟು ನೋಡಿದರು. ಹಿಟ್ಟು ಎಂದಿನಂತೆ ನಿರುಮ್ಮಳವಾಗಿ ಕೆಳಗಿಳಿಯುತ್ತಿತ್ತು.

ಇನ್ನೆರಡು ಚಮಚ ಬಿತ್ತು. ಬದಲಾವಣೆಯಿಲ್ಲ. ಮತ್ತೆ ನಾಲ್ಕು. ಹುಳಿ ಇರುವ ಕಡೆ ಈ ಗೋಂದು ಇನ್ನಷ್ಟು ತಡವಾಗಿ ಉಬ್ಬುತ್ತದೆ ಎಂಬುದು ಕೊಳಾರದ ಬಣ್ಣಕ್ಕೆ ಗೊತ್ತಿರಬೇಕಾದ ವಿಷಯವಲ್ಲ, ಬಣ್ಣದಲ್ಲಿ ಯಾರೂ ಮಜ್ಜಿಗೆ ಹಾಕುವುದಿಲ್ಲ. ಬಚ್ಚಲುಮನೆಯ ತಂಬಿಗೆಯ ಸದ್ದು ಕಡಿಮೆಯಾಗುತ್ತ ಬಂತು. ಗಾಬರಿಯಾದ ರಾಯರು ಪಾಕೀಟನ್ನೇ ಬೋರಲು ಹಾಕಿ, ಡ್ರಿಲ್ಲಿನ ವೇಗ ಪೂರಾ ಏರಿಸಿ, ಶತ್ರುವಿನ ಮೇಲೆ ಬಿದ್ದರು.

ಶರ್ವರಿ ಹೊರಗೆ ಬಂದಾಗ ಅವರು ಕೈಕಟ್ಟಿಕೊಂಡು ಕಿಟಕಿಯಿಂದ ಸೂರ್ಯೋದಯ ನೋಡುತ್ತಿದ್ದರು. ಸೂರ್ಯ ಇನ್ನೂ ಬಂದಿರಲಿಲ್ಲ.

“ಏನದು ಗುಂಯ್ ಅಂತ ಸಪ್ಪಳ?”

“ನೀರಿನ ಮೋಟರು.”

“ಮೋಟರು ಸುಟ್ಟು ಎಂಟು ದಿನ ಆತಲ್ರಿ.”

“ಸುಟ್ಟದ್ದಕ್ಕನ ಹಾಂಗ ಸಪ್ಪಳ ಮಾಡ್ತದ,” ಎಂದರು ರಾಯರು.

ಬೇರೆ ದಿನವಾಗಿದ್ದರೆ ಈ ಉತ್ತರ ಅವರನ್ನು ಅರ್ಧ ತಾಸು ಕಾಡಿಸುತ್ತಿತ್ತು. ಇವತ್ತು ಶರ್ವರಿಗೆ ಗಡಿಗೆ ಬಿಟ್ಟು ಬೇರೆ ಲೋಕವಿರಲಿಲ್ಲ. ಚಮಚದಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಹಚ್ಚಿದಳು. ಹುಳಿ ಸರಿ, ಉಪ್ಪು ಸರಿ, ಬೆಳ್ಳುಳ್ಳಿ ಮುಂದೆ ನುಗ್ಗದೆ ಹಿಂದೆಯೇ ನಿಂತಿದೆ. ಮೂರು ದಿನದಲ್ಲಿ ಮೊದಲ ಸಲ ಅವಳು ನಕ್ಕಳು. ಆ ನಗು ನೋಡಿ ರಾಯರಿಗೆ ಎಷ್ಟು ಸಂತೋಷವಾಯಿತೆಂದರೆ ತಮ್ಮ ಕೊಡುಗೆಯನ್ನು ಅಲ್ಲೇ ಹೇಳಿಬಿಡಬೇಕೆನಿಸಿತು. ಆದರೆ ದೊಡ್ಡ ಶೋಧಗಳನ್ನು ನಲವತ್ತು ಮಂದಿಯ ಎದುರಿಗೆ ಪ್ರಕಟಿಸಬೇಕು ಎಂದು ತಡೆದುಕೊಂಡರು.

ಗಡಿಗೆಗೆ ಬಟ್ಟೆ ಕಟ್ಟಿ, ಕಾರಿನಲ್ಲಿ ಶರ್ವರಿಯ ಕಾಲ ನಡುವೆ ಕೂರಿಸಿ, ಬೀದರ್ ಬಿಟ್ಟರು. ಪ್ರತಿವರ್ಷ ಅತ್ತೆಯವರ ಗಡಿಗೆ ಭಾಲ್ಕಿಯಿಂದ ಹೊಲಕ್ಕೆ ಬರುವುದರೊಳಗೆ ಜೀಪಿನ ಅರ್ಧ ಸೀಟು ಅಂಬಲಿಯಾಗಿರುತ್ತಿತ್ತೆಂದು ಶರ್ವರಿ ಹಳೆಯ ಸೀರೆ ಉಟ್ಟು, ಹೊಸದನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಎಷ್ಟು ದಿಬ್ಬ ಹಾರಿದರೂ ಒಂದು ಹನಿ ಹೊರಗೆ ಬರಲಿಲ್ಲ. ಭಾಲ್ಕಿ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂದು ರಾಯರು ಜೋರಾಗಿ ಬ್ರೇಕು ಒತ್ತಿದರು. ಶರ್ವರಿ ಮುಂದಕ್ಕೆ ಹೋದಳು, ಟಿಫಿನ್ ಡಬ್ಬಿ ಮುಂದಕ್ಕೆ ಹೋಯಿತು, ಅಂಬಲಿ ಮಾತ್ರ ಇದ್ದಲ್ಲೇ ಇತ್ತು. ಇದೇನು ಇಷ್ಟು ಶಾಂತ ಅದ ಎಂದು ಶರ್ವರಿ ಬಟ್ಟೆಯ ಮೇಲೆ ಕೈಯಿಟ್ಟಳು. ನಿನ್ನ ಕೈಗುಣ ಎಂದು ರಾಯರು ಹೊಗಳಿ ಗೇರು ಬದಲಿಸಿದರು.

ರಸ್ತೆಯಿಂದ ಕೊಂಪೆಗೆ ಬದುವಿನ ಮೇಲೆ ಹತ್ತು ನಿಮಿಷದ ನಡಿಗೆ. ಗಡಿಗೆಯನ್ನು ಕಂಬಳಿಯಲ್ಲಿ ಸುತ್ತಿ ಗಂಡಸರು ತಲೆಯ ಮೇಲೆ ಹೊರುವುದು ರೂಢಿ. ರಾಯರ ತಂದೆ ಇದ್ದಾಗ ಹೆಜ್ಜೆಗೊಮ್ಮೆ ಗಡಿಗೆ ತುಳುಕಿ, ಕಿವಿಯ ಹಿಂದಿನಿಂದ ಅಂಬಲಿ ಇಳಿದು, ಅವರು ಕೊಂಪೆ ಮುಟ್ಟುವಾಗ ಬೆಳ್ಳಗಾಗಿರುತ್ತಿದ್ದರು. ರಾಯರು ಅಂಗಿಗೆ ಒಂದು ಕಲೆಯಿಲ್ಲದೆ, ಮೆರವಣಿಗೆಯ ಕಳಸದಂತೆ ನಡೆದು ಬಂದರು. ಕೊಂಪೆಯ ಮುಂದೆ ಚಾಪೆಯ ಮೇಲೆ ಕುಳಿತಿದ್ದ ರುಕ್ಮಿಣಿಬಾಯಿ ತಲೆ ಓರೆ ಮಾಡಿ ಆಲಿಸಿದಳು.

“ಏನೋ ಶ್ರೀಪಾದ, ಗಡಿಗಿ ಸಪ್ಪಳನ ಮಾಡವಲ್ದು. ಖಾಲಿ ತಂದಿ ಏನು?”

ತಾವು ಇಂಥ ಪ್ರಶ್ನೆಗೇ ಕಾಯುತ್ತಿದ್ದವರಂತೆ ರಾಯರು ನಕ್ಕರು. ಕಾವೇರಿಬಾಯಿ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನಲವತ್ತೆರಡು ವರ್ಷ ತಮ್ಮ ಕೈಯಲ್ಲಿದ್ದ ಉದ್ದನೆಯ ಹಿತ್ತಾಳೆ ಸೌಟನ್ನು ಅವಳ ತೊಡೆಯ ಮೇಲಿಟ್ಟರು. ಶರ್ವರಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಪೂಜೆಯಾಯಿತು. ಮೊದಲ ಅಂಬಲಿ ಹೊಲಕ್ಕೆ. ಶಿವರಾಜಪ್ಪ ತಂಬಿಗೆ ತುಂಬಿಕೊಳ್ಳಲೆಂದು ಗಡಿಗೆಯ ಬಟ್ಟೆ ಬಿಚ್ಚಿ ಒಳಗೆ ಬಗ್ಗಿ ನೋಡಿದ. ಮೇಲ್ಮೈ ಕನ್ನಡಿಯಂತೆ ಮಿನುಗುತ್ತಿತ್ತು. ಒಂದು ಕೊತ್ತಂಬರಿ ಎಲೆ ಮೇಲೂ ಬರದೆ ಕೆಳಗೂ ಹೋಗದೆ ನಡುವೆ ತಪಸ್ಸಿಗೆ ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಗಾಳಿಗುಳ್ಳೆ ಮೇಲೇಳುವ ಯೋಚನೆಯನ್ನೇ ಕೈಬಿಟ್ಟಿತ್ತು. ಶಿವರಾಜಪ್ಪ ತಂಬಿಗೆ ಅದ್ದಿದ. ಅದ್ದಿದ ತಂಬಿಗೆ ಬೇಗ ಬಿಟ್ಟುಕೊಡಲಿಲ್ಲ, ಎಳೆದಾಗ ಕೆಸರಿನಿಂದ ಎತ್ತಿನ ಕಾಲು ಕಿತ್ತಂಥ ಸದ್ದಾಯಿತು.

ಅವನು ದೊಡ್ಡ ಮನಸ್ಸಿನವನು, ಕೆಲಸ ನಿಲ್ಲಿಸಲಿಲ್ಲ. ಹೊಲದ ಅಂಚಿಗೆ ಹೋಗಿ ಮಾವಿನ ಟೊಂಗೆಯನ್ನು ತಂಬಿಗೆಯಲ್ಲಿ ಅದ್ದಿ ಮೇಲೆತ್ತಿದ. ಟೊಂಗೆಯ ಜೊತೆ ತಂಬಿಗೆಯೂ ಮೇಲೆ ಬಂತು! ಅಂಬಲಿ ಚೆಲ್ಲಿದಾಗಲೆಲ್ಲ ಕೂಗುವ “ಹುಲ್ಲುಲ್ಲಿಗೋ”ಗೆ ಬಾಯಿ ತೆರೆದಿದ್ದ ಹಿಂದಿನ ಸಾಲಿನವರು ಅರ್ಧಕ್ಕೇ ನಿಲ್ಲಿಸಿದರು. ತಂಬಿಗೆ ಬಿಡಿಸಿ, ಬಲ ಹಾಕಿ ಟೊಂಗೆ ಬೀಸಿದ. ಹನಿಹನಿಯಾಗಿ ಹರಡಬೇಕಾದ ಅಂಬಲಿ ಒಂದೇ ಮುದ್ದೆಯಾಗಿ ಹಾರಿ, ಜೋಳದ ಸಾಲು ದಾಟಿ, ಒಂದು ತೊಗರಿ ಗಿಡದ ಮೇಲೆ ಕುಳಿತುಕೊಂಡಿತು. ಗಿಡ ಬಾಗಿತು. ಮುದ್ದೆ ಇಳಿಯಲಿಲ್ಲ.

“ರಾಯರ,” ಎಂದ ಶಿವರಾಜಪ್ಪ ಬಹಳ ವಿನಯದಿಂದ, “ಇದನ್ನ ಚೆಲ್ಲಾಕ ಬರಂಗಿಲ್ರಿ. ಬ್ರಷ್ ಇದ್ರ ಹಚ್ಚಬಹುದು.”

ಖಾಸಿಂ ಅಲಿಯ ಎರಡನೆಯ ಮಾತು ರಾಯರ ಕಿವಿಗೆ ಈಗ ಪೂರ್ತಿಯಾಗಿ ಬಿತ್ತು. ಸಾವಕಾಶ ಉಬ್ಬುವ ಮಾಲು ಬೀದರಿನಿಂದ ಹೊಲದವರೆಗೆ ಸಾವಕಾಶವಾಗಿ ಉಬ್ಬಿತ್ತು. ಅವರು ಶರ್ವರಿಯ ಕಡೆ ನೋಡಿದರು. ಅವಳು ಸೌಟು ಹಿಡಿದು ಬಣ್ಣಗೆಟ್ಟ ಮುಖದಿಂದ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು. ಎಷ್ಟು ಸೇರು ಹಿಟ್ಟು ಹಾಕಿದೆ, ಎಷ್ಟು ಮಜ್ಜಿಗೆ ಎಂದು.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಗುಣಮಟ್ಟದ ಮನುಷ್ಯ ಮೊದಲು ಮಾಲನ್ನು ರಿಪೇರಿ ಮಾಡಲು ನೋಡುತ್ತಾನೆ, ತಪ್ಪೊಪ್ಪಿಗೆ ಆಮೇಲಿನ ಮಾತು. ಚಳಿಗೆ ಹೀಗಾಗುವುದು ಸಹಜ ಎಂದು ಎಲ್ಲರಿಗೂ ಸಮಾಧಾನ ಹೇಳಿ, ಪಕ್ಕದ ಹೊಲದವರ ಕಡಗೋಲು ಕೇಳಿ ತಂದು ಗಡಿಗೆಗೆ ಇಳಿಸಿ ಕಡೆಯತೊಡಗಿದರು. ಆಶ್ಚರ್ಯ! ನಾಲ್ಕು ಸುತ್ತಿಗೆ ಅಂಬಲಿ ಸಡಿಲವಾಯಿತು, ಎಂಟು ಸುತ್ತಿಗೆ ಹರಿಯಿತು. ರಾಯರಿಗೆ ಜೀವ ಬಂತು. ಇದು ಅವರಿಗೆ ಗೊತ್ತಿರುವ ಗುಣವೇ. ಒಳ್ಳೆಯ ಬಣ್ಣ ಬ್ರಷ್ಷು ಆಡುವಾಗ ನೀರಾಗಿ ಹರಿಯಬೇಕು, ಬ್ರಷ್ಷು ನಿಂತ ಕೂಡಲೆ ಗೋಡೆಯ ಮೇಲೆ ಇದ್ದಲ್ಲೇ ನಿಲ್ಲಬೇಕು, ಕೆಳಗೆ ಸುರಿಯಬಾರದು. ಈ ಗುಣಕ್ಕಾಗಿ ಕಾರ್ಖಾನೆಯಲ್ಲಿ ಅವರು ಬೆವರು ಸುರಿಸುತ್ತಾರೆ. ಇಲ್ಲಿ ಅದು ಬೇಡವೆಂದರೂ ಸಿಕ್ಕಿತ್ತು.

ಕಡೆಯುತ್ತಿರುವಾಗಲೇ ಸೌಟು ಹಾಕಿ ಲೋಟಕ್ಕೆ ಬಿಡಿ ಎಂದು ಅವಸರಿಸಿದರು. ಮೊದಲ ಮೂರು ಲೋಟ ನಡೆಯಿತು. ನಾಲ್ಕನೆಯದರಿಂದ ತೊಂದರೆ. ಗಡಿಗೆಯಿಂದ ಲೋಟಕ್ಕೆ ಬಂದು ಅಂಬಲಿ ಒಂದು ಕ್ಷಣ ವಿಶ್ರಾಂತಿ ತೆಗೆದುಕೊಂಡರೆ ಸಾಕು, ಮತ್ತೆ ಗಟ್ಟಿ. ನೀರು ಬೆರೆಸಿದರು, ಒಳಗೆ ಇನ್ನೂ ಹಸಿದಿದ್ದ ಗೋಂದು ಆ ನೀರನ್ನೂ ಕುಡಿದು ಗಡಿಗೆಯ ಕಂಠದವರೆಗೆ ಏರಿತು. ಕಡೆಗೆ ರಾಯರು ಕಡಗೋಲು ಬಿಡದೆ, ಏದುಸಿರು ಬಿಡುತ್ತ ಅಪ್ಪಣೆ ಕೊಟ್ಟರು: ಎಲ್ಲರೂ ತಂತಮ್ಮ ಲೋಟ ಅಲುಗಾಡಿಸುತ್ತಲೇ ಇರಬೇಕು, ಕುಡಿಯುವಾಗಲೂ ಕೈ ನಿಲ್ಲಿಸಬಾರದು.

ನಲವತ್ತು ಮಂದಿ ಸಾಲಾಗಿ ಕುಳಿತು ಲೋಟ ಅಲುಗಾಡಿಸತೊಡಗಿದರು. ತಾಳವಿಲ್ಲದ ಭಜನೆಯಂತೆ ಕಾಣುತ್ತಿತ್ತು. ರಾಯರ ಅಣ್ಣನವರು ಫೋನ್ ಬಂತೆಂದು ಒಂದು ನಿಮಿಷ ಕೈ ನಿಲ್ಲಿಸಿ, ತಿರುಗಿ ಲೋಟ ಎತ್ತಿದಾಗ ತುಟಿಗೆ ಏನೂ ಬರದೆ ಲೋಟದೊಳಗೆ ಕಣ್ಣಿಟ್ಟು ನೋಡಿದರು. ಅಕ್ಕಪಕ್ಕದ ಹೊಲದವರು ತಮ್ಮ ಊಟ ಬಿಟ್ಟು ಬದುವಿನ ಮೇಲೆ ಬಂದು ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಟೆಂಪೋ ನಿಂತು, ಯಾವ ದೇವರ ಸೇವೆ ಇದು ಎಂದು ಡ್ರೈವರ್ ವಿಚಾರಿಸಿದ.

ರುಕ್ಮಿಣಿಬಾಯಿ ಮಾತ್ರ ಅಲುಗಾಡಿಸಲಿಲ್ಲ. ಲೋಟವನ್ನು ಚಾಪೆಯ ಮೇಲಿಟ್ಟು ತಾಳ್ಮೆಯಿಂದ ಕಾದಳು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ಕೈ ಮುಂದೆ ಚಾಚಿ, ಲೋಟವನ್ನು ಬೋರಲು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಎಲ್ಲ ಲೋಟಗಳೂ ನಿಂತವು.

“ಹಿಟ್ಟಿನ ಅಂದಾಜೇ ಇಲ್ಲ,” ಎಂದಳು ರುಕ್ಮಿಣಿಬಾಯಿ. “ಅತ್ತಿಗಿ, ನಿಮ್ಮ ಬಾಯಿಲೇ ನೀವು ಹೇಳೀರಿ. ಮುಂದಿನ ವರ್ಷ ಗಡಿಗಿ ಔರಾದಿಗಿ.”

ಶರ್ವರಿ ಸೌಟನ್ನು ಮೆಲ್ಲಗೆ ಅತ್ತೆಯ ಮುಂದಿಟ್ಟಳು. ಹಿಟ್ಟು ಸರಿಯಾಗಿಯೇ ಅಳೆದಿದ್ದೆ, ಎಲ್ಲಿ ತಪ್ಪಿತೋ ತಿಳಿಯುತ್ತಿಲ್ಲ ಎಂದಳು. ಅವಳ ಕಣ್ಣಿನ ನೀರು ಕೆನ್ನೆಯ ಮೇಲೆ ಇಳಿಯಿತು. ರಾಯರಿಗೆ ತಾವು ಹತ್ತೊಂಬತ್ತು ವರ್ಷ ಕಲಿತದ್ದೆಲ್ಲ ಅಸಹ್ಯವೆನಿಸಿತು. ಒಂದು ತಿಂಗಳು ಹುಳಿ ಪಾತ್ರೆಗಳ ನಡುವೆ ನಿಂತವಳು ಇವಳು; ಐದು ನಿಮಿಷ ಡ್ರಿಲ್ಲು ಹಿಡಿದು ಅದನ್ನೆಲ್ಲ ಹಾಳು ಮಾಡಿದವನು ತಾನು.

ಕಡಗೋಲು ಬಿಟ್ಟು, ಪ್ಯಾಂಟಿನ ಜೇಬಿನಿಂದ ಖಾಲಿ ಪಾಕೀಟು ತೆಗೆದು ತಾಯಿಯ ಮುಂದಿಟ್ಟರು. “ಹಿಟ್ಟು ಬರಾಬರ ಇತ್ತವ್ವ. ಶರ್ವರೀದು ಏನೂ ತಪ್ಪಿಲ್ಲ. ತಳಕ್ಕ ಕೂಡಬಾರದಂತ ನಾನ ಇದನ್ನ ಹಾಕಿದೆ. ಕುಲ್ಫಿ ಗೋಂದು. ಪೂರಾ ಅರ್ಧ ಕಿಲೋ.” ಸ್ವಲ್ಪ ತಡೆದು, ಹೇಳಿದ ಮೇಲೆ ಪೂರ್ತಿ ಹೇಳಿಬಿಡುವುದೇ ಒಳ್ಳೆಯದೆಂದು, ಡ್ರಿಲ್ಲಿನ ವಿಷಯವನ್ನೂ ಹೇಳಿದರು.

ಶರ್ವರಿ ಅಳು ನಿಲ್ಲಿಸಿ ಗಂಡನನ್ನು ನೋಡಿದಳು. “ಮೋಟರು,” ಎಂದಳು, ಅಷ್ಟೇ. ಆ ಒಂದು ಶಬ್ದದಲ್ಲಿ ಮುಂದಿನ ಆರು ತಿಂಗಳ ಸಂಸಾರ ರಾಯರ ಕಣ್ಣ ಮುಂದೆ ಬಂತು.

ಕಾವೇರಿಬಾಯಿ ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ತಳಕ್ಕ ಯಾಕ ಕೂಡಬಾರದೋ?”

“ಎಲ್ಲಾರಿಗೂ ಒಂದೇ ಥರ ಬರ್ಲೀ ಅಂತ. ನನಗ ಪ್ರತೀ ವರ್ಷ ಮ್ಯಾಲಿನ ನೀರನ ಬರ್ತದ.”

“ನಾ ಕೊಡ್ತೇನಿ, ಅದಕ್ಕನ ಬರ್ತದ. ಅದು ತಳಕ್ಕ ಕೂಡಲಿ ಅಂತನ ನಾ ಒಂದೂವರಿ ತಾಸು ಗಡಿಗಿ ಮುಟ್ತಿರಲಿಲ್ಲ,” ಎಂದರು ಕಾವೇರಿಬಾಯಿ. “ಮ್ಯಾಲಿಂದು ಹಲ್ಲಿಲ್ಲದವರಿಗಿ, ಸಕ್ರಿ ಬ್ಯಾನಿ ಇದ್ದವರಿಗಿ. ನಡುವಿಂದು ಮನಿ ಮಂದಿಗಿ. ತಳದ್ದು ವರ್ಷಗಟ್ಲೆ ಈ ಹೊಲದಾಗ ದುಡದವರಿಗಿ. ಒಂದ ಗಡಿಗಿ, ಮೂರು ಅಂಬಲಿ. ಸೌಟು ಎಷ್ಟು ಇಳಸಿದ್ರ ಯಾವುದು ಬರ್ತದ ಅಂತ ಕಲಿಸಬೇಕಂತನ ಇಕೀನ್ನ ಇವತ್ತ ಬಾಜೂಕ ಕುಂದ್ರಿಸಿಕೊಂಡೆ. ಕುರ್ಚಿ ಮ್ಯಾಲ ಕುಂತು ಡಬ್ಬಿ ನೋಡಾಂವಗ ತೆಳ್ಳಂದು ಸಾಕು.”

ಶಿವರಾಜಪ್ಪ ತಲೆ ಬಗ್ಗಿಸಿ ತನ್ನ ಲೋಟ ನೋಡುತ್ತ ಮೀಸೆಯಲ್ಲೇ ನಕ್ಕ. ನಲವತ್ತೆರಡು ವರ್ಷ ಭೂಮಿಯ ಆಕರ್ಷಣೆಯನ್ನು ಮನೆಯ ಆಳಿನ ಹಾಗೆ ತಾಯಿ ದುಡಿಸಿಕೊಂಡಿದ್ದರು. ಮಗ ಅದರ ಮೇಲೆ ದಂಡೆತ್ತಿ ಹೋಗಿದ್ದ. ರಾಯರು ಎಲ್ಲಿ ಕೂಡಬೇಕೆಂದು ತಿಳಿಯದೆ ಕಡಗೋಲಿನ ಪಕ್ಕದಲ್ಲೇ ಕುಳಿತರು.

ರುಕ್ಮಿಣಿಬಾಯಿ ಮಾತ್ರ ತನ್ನ ದಾವೆ ಬಿಡಲಿಲ್ಲ. ಯಾರು ಹಾಕಿದರೇನು, ಅಂಬಲಿ ಕೆಟ್ಟದ್ದು ಕೆಟ್ಟಹಾಗೇ ಎಂದು ವಾದಿಸಿದಳು. ವಾದಿಸುವಾಗ ಅವಳ ಬಲಗೈಯ ಎರಡು ಬೆರಳು ಬೋರಲು ಹಿಡಿದಿದ್ದ ಅದೇ ಲೋಟದೊಳಗಿದ್ದವು. ಕಾವೇರಿಬಾಯಿ ಅದನ್ನು ನೋಡಿದರು, ನಲವತ್ತು ಮಂದಿಯೂ ನೋಡಿದರು. ಲೋಟ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು.

“ರುಚಿ ಹ್ಯಾಂಗದ ರುಕ್ಮಿಣಿ?” ಎಂದು ಕೇಳಿದರು ಕಾವೇರಿಬಾಯಿ.

ರುಕ್ಮಿಣಿಬಾಯಿ ಬೆರಳು ಹೊರತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಸುಳ್ಳು ಹೇಳಲು ಮನಸ್ಸಿತ್ತು, ಆದರೆ ಐದು ಪಾಂಡವರು ಬೆನ್ನ ಹಿಂದೆಯೇ ಕುಳಿತಿದ್ದರು. “ರುಚಿಗಿ ಏನೂ ಅನ್ನಂಗಿಲ್ಲ,” ಎಂದಳು ಕಡೆಗೆ. “ನಿಮ್ಮದರ ಹಾಂಗನ ಅದ.” ಹೇಳಿದ ಮೇಲೆ ಇನ್ನೊಂದು ಲೋಟ ಹಾಕಿಸಿಕೊಂಡು ಸಜ್ಜೆ ರೊಟ್ಟಿಯ ತುಂಡಿನಲ್ಲಿ ಬಾಚಿ ತಿಂದಳು. ಅವಳನ್ನು ನೋಡಿ ಉಳಿದವರೂ ಲೋಟ ಬಿಟ್ಟು ರೊಟ್ಟಿ ಹಿಡಿದರು. ಅರ್ಧ ತಾಸಿನಲ್ಲಿ ಕಂಠದವರೆಗೆ ಏರಿದ್ದ ಅಂಬಲಿ ಕೆಳಗಿಳಿಯಿತು. ಕುಡಿಯಲು ಪಕ್ಕದ ಹೊಲದವರು ಮಜ್ಜಿಗೆ ಕಳಿಸಿದರು.

ಊಟ ಮುಗಿದು ಎಲ್ಲರೂ ಕೈತೊಳೆಯುವಾಗ ಕಾವೇರಿಬಾಯಿ ಸೌಟನ್ನು ಮತ್ತೆ ಸೊಸೆಯ ಕೈಗೆ ಕೊಟ್ಟರು. ಗಡಿಗೆ ಮೈಲೂರಿನಲ್ಲೇ ಇರಲಿ ಎಂದರು. ಶರ್ವರಿ ಬಗ್ಗಿ ನಮಸ್ಕಾರ ಮಾಡಿ, ಇಷ್ಟೆಲ್ಲ ಅವಾಂತರವಾಯಿತಲ್ಲ, ನಾನೇ ಎಚ್ಚರದಿಂದ ಇರಬೇಕಿತ್ತು ಎಂದು ತಪ್ಪು ಒಪ್ಪಿಕೊಳ್ಳಲು ಹೋದಳು. ಅತ್ತೆ ಅವಳನ್ನು ತಡೆದರು.

“ತಪ್ಪು ನಿಂದಲ್ಲವ, ನಂದು. ನಾ ಈ ಮನಿಗಿ ಬಂದ ವರ್ಷ ನಿಮ್ಮ ಮಾವನೋರು ಹುಳಿ ಮುರಿತದಂತ ಗಡಿಗ್ಯಾಗ ಸುಣ್ಣ ಹಾಕಿದ್ರು. ಅವತ್ತ ನಮ್ಮತ್ತಿ ನನಗ ಇಡೀ ಅಂಬಲಿ ಕಲಿಸಿಕೊಟ್ಟಳು. ಅದರಾಗ ನಾ ನಿನಗ ಹಿಟ್ಟು ಹೇಳಿದೆ, ಮಜ್ಜಿಗಿ ಹೇಳಿದೆ, ಒಗ್ಗರಣಿ ಹೇಳಿದೆ. ಈ ಮನಿ ಗಂಡಸರು ಮಲಗಿ ಏಳೂದರೊಳಗ ಗಡಿಗಿ ಇಟ್ಟ ಖೋಲಿಗಿ ಕೀಲಿ ಹಾಕಬೇಕಂತ ಹೇಳೂದು ಮರ್ತುಬಿಟ್ಟೆ.”